ರೋಗದ ಹೆಸರು, ಮನುಷ್ಯನ ಹೆಸರು

ಮುಂಬಯಿಯ ಸಯನ್ ಬಡಾವಣೆಗೆ ಮರಾಠಿಯಲ್ಲಿ 'ಶೀವ' ಎಂದು ಹೆಸರು. ಶೀವ ಎಂದರೆ ಸೀಮೆ, ಎಲ್ಲೆ. 17ನೆಯ ಶತಮಾನದಲ್ಲಿ ಆಂಗ್ಲರ ಮುಂಬಯಿ ಮುಗಿದು ಪೋರ್ತುಗೀಜರ ಸಾಷ್ಟಿ ಆರಂಭವಾಗುತ್ತಿದ್ದುದು ಈ ಭಾಗದಲ್ಲಿಯೇ. ಆ ಎಲ್ಲೆಯ ಕಾವಲಿಗೆಂದು ಕಟ್ಟಿದ ಕೋಟೆ ಇಂದಿಗೂ ಗುಡ್ಡದ ಮೇಲೆ ಉಳಿದಿದೆ. ರಾಜ್ಯಗಳ ಗಡಿ ಅಳಿಸಿಹೋಗಿ ಶತಮಾನಗಳೇ ಸಂದರೂ ಹೆಸರು ಮಾತ್ರ ಹಾಗೆಯೇ ನಿಂತಿದೆ. ವಸ್ತು ಹೋದರೂ ಹೆಸರು ಹೋಗದು ಎಂಬುದಕ್ಕೆ ಇದೊಂದು ನಿದರ್ಶನ.

ಮನುಷ್ಯರ ನಡುವೆಯೂ ಇಂಥ ಎಲ್ಲೆಗಳಿವೆ, ಅವುಗಳನ್ನು ಕಾಯುವ ಹೆಸರುಗಳೂ ಇವೆ. ಒಂದು ಕಾಲದಲ್ಲಿ ಯಾರೂ ಅಳುಕದೆ ಬಳಸುತ್ತಿದ್ದ ಎಷ್ಟೋ ಮಾತುಗಳು ಇಂದು ನೋವುಂಟುಮಾಡುವ ಮಾತುಗಳೆಂದು ಆಕ್ಷೇಪಕ್ಕೆ ಒಳಗಾಗಿವೆ. ಕುರುಡ, ಕುಂಟ, ಮೂಗ, ಹುಚ್ಚ ಮುಂತಾದವುಗಳ ಸ್ಥಾನದಲ್ಲಿ ಹೊಸ ಶಬ್ದಗಳು ಬಂದಿವೆ. ಮಾತನ್ನು ಬದಲಿಸಿದರೆ ಸಾಕೇ ಎಂದು ಕೆಲವರು, ಮಾತನ್ನೂ ಬದಲಿಸದಿದ್ದರೆ ಇನ್ನೇನನ್ನು ಬದಲಿಸಿಯೇವು ಎಂದು ಕೆಲವರು ವಾದಿಸುತ್ತಾರೆ. ಈ ವಾದವು ಕೇವಲ ಪಂಡಿತರ ಕಾಲಹರಣವಲ್ಲ. ಕೆಲವು ರೋಗಗಳ ವಿಷಯದಲ್ಲಿ ಒಂದು ಶಬ್ದದ ಭಯವೇ ರೋಗಿಯನ್ನು ವೈದ್ಯನಿಂದ ದೂರವಿಡುತ್ತದೆ. ಅಂಥ ರೋಗಗಳಲ್ಲಿ ಮೊದಲನೆಯದು ಕುಷ್ಠ. ಅದರ ಕಥೆ ಸಯನ್ ಪರಿಸರಕ್ಕೆ ತೀರ ಹತ್ತಿರದ್ದು.

ವಡಾಲಾದ ಆಶ್ರಯಧಾಮ

ಸಯನ್‌ಗೆ ಅನತಿದೂರದಲ್ಲಿ, ಮಾಟುಂಗಾ ಮತ್ತು ವಡಾಲಾಗಳ ಎಡೆಯಲ್ಲಿ, 1890ರಲ್ಲಿ ಒಂದು ಸಂಸ್ಥೆ ಆರಂಭವಾಯಿತು. ಬೀದಿಯಲ್ಲಿ ಅಲೆಯುತ್ತಿದ್ದ ನಿರ್ಗತಿಕ ಕುಷ್ಠಪೀಡಿತರಿಗಾಗಿ ಆಗಿನ ಮುನಿಸಿಪಲ್ ಕಮಿಷನರ್ ಎಚ್.ಎ. ಆಕ್‌ವರ್ತ್ ಅವರ ಪ್ರಯತ್ನದಿಂದ ಸ್ಥಾಪಿತವಾದ ಈ ಸಂಸ್ಥೆಗೆ ಇಟ್ಟ ಹೆಸರು 'ಹೋಮ್‌ಲೆಸ್ ಲೆಪರ್ ಅಸೈಲಮ್'. ಇದೇ ಆಕ್‌ವರ್ತ್ ಮರಾಠಿ ಪೋವಾಡಗಳನ್ನು ಇಂಗ್ಲಿಷಿಗೆ ಅನುವಾದಿಸಿದ ರಸಿಕರೂ ಹೌದು. ಅಂದಿನ ದೃಷ್ಟಿಯಲ್ಲಿ ಆ ಹೆಸರಿನಲ್ಲಿ ತಿರಸ್ಕಾರವಿರಲಿಲ್ಲ, ಕರುಣೆಯೇ ಇತ್ತು. ಆದರೆ ಆ ಹೆಸರಿನಲ್ಲಿರುವ ಮೂರು ಶಬ್ದಗಳನ್ನು ನೋಡಬೇಕು: ಮನೆಯಿಲ್ಲದವನು, ಕುಷ್ಠರೋಗಿ, ಆಶ್ರಯಧಾಮ. ಒಳಗೆ ಬಂದ ವ್ಯಕ್ತಿ ಬಡಗಿಯೋ, ನೇಕಾರನೋ, ತಾಯಿಯೋ, ಮಗನೋ ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಕಾಲಕ್ರಮದಲ್ಲಿ ಆ ಹೆಸರು ಮರೆಯಾಗಿ, ಸಂಸ್ಥೆಯು ಆಕ್‌ವರ್ತ್ ಅವರ ಹೆಸರಿನ ಮಹಾನಗರಪಾಲಿಕೆಯ ಕುಷ್ಠರೋಗ ಆಸ್ಪತ್ರೆಯಾಯಿತು. ಆಶ್ರಯಧಾಮವು ಆಸ್ಪತ್ರೆಯಾದುದು ಫಲಕದ ಬದಲಾವಣೆ ಮಾತ್ರವಲ್ಲ. ಆಶ್ರಯಧಾಮಕ್ಕೆ ಹೋದವನು ಅಲ್ಲಿಯೇ ಉಳಿಯುತ್ತಾನೆ. ಆಸ್ಪತ್ರೆಗೆ ಹೋದವನು ಗುಣಹೊಂದಿ ಮನೆಗೆ ಮರಳುತ್ತಾನೆ.

ಹೆಸರಿನ ಹಿಂದೆಯೇ ಕಾನೂನೂ ಬಂದಿತು. 1898ರಲ್ಲಿ ಆಂಗ್ಲ ಸರಕಾರವು 'ಲೆಪರ್ಸ್ ಆಕ್ಟ್' ಎಂಬ ಶಾಸನವನ್ನು ಮಾಡಿತು. ಭಿಕ್ಷೆ ಬೇಡುವ ಕುಷ್ಠಪೀಡಿತರನ್ನು ಹಿಡಿದು ಪ್ರತ್ಯೇಕವಾಗಿಡಲು, ಅವರು ಆಹಾರ ಪದಾರ್ಥಗಳನ್ನು ತಯಾರಿಸಿ ಮಾರುವುದನ್ನು, ಸಾರ್ವಜನಿಕ ಬಾವಿ ಕೆರೆಗಳನ್ನು ಬಳಸುವುದನ್ನು ತಡೆಯಲು ಅದು ಅಧಿಕಾರ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ಈ ಶಾಸನ ಪುಸ್ತಕದಲ್ಲಿ ಉಳಿದೇ ಇತ್ತು. ರೋಗಕ್ಕೆ ಪರಿಣಾಮಕಾರಿ ಔಷಧ ಬಂದು ದಶಕಗಳಾದ ಬಳಿಕ, 2015ರಲ್ಲಿ ಕಾನೂನು ಆಯೋಗವು ತನ್ನ 256ನೆಯ ವರದಿಯಲ್ಲಿ ಇಂಥ ತಾರತಮ್ಯವನ್ನು ನಿವಾರಿಸಲು ಶಿಫಾರಸು ಮಾಡಿತು. 2016ರಲ್ಲಿ ಲೆಪರ್ಸ್ ಆಕ್ಟ್ ರದ್ದಾಯಿತು. ಪತಿ ಅಥವಾ ಪತ್ನಿಗೆ ಕುಷ್ಠವಿರುವುದು ವಿವಾಹವಿಚ್ಛೇದನಕ್ಕೆ ಕಾರಣವಾಗಬಹುದೆಂಬ ವಿಧಿಯನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಒಂದು ಶಬ್ದ ಕಾನೂನಿನೊಳಗೆ ಸೇರಿದರೆ ಅದನ್ನು ಹೊರಹಾಕಲು ಎಷ್ಟು ಕಾಲ ಬೇಕೆಂಬುದನ್ನು ಈ ವರ್ಷಗಳೇ ಹೇಳುತ್ತವೆ.

ಪರದೇಶಗಳಲ್ಲಿ ನಡೆದ ಚರ್ಚೆ

1873ರಲ್ಲಿ ನಾರ್ವೆಯ ವೈದ್ಯ ಗೆರ್ಹಾರ್ಡ್ ಆರ್ಮರ್ ಹ್ಯಾನ್ಸನ್ ಈ ರೋಗಕ್ಕೆ ಒಂದು ರೋಗಾಣು ಕಾರಣವೆಂದು ಕಂಡುಹಿಡಿದನು. ಶಾಪ, ಪಾಪ, ಪೂರ್ವಜನ್ಮದ ಕರ್ಮ ಎಂಬ ಕಲ್ಪನೆಗಳಿಗೆ ಅಂದೇ ತೆರೆ ಬೀಳಬೇಕಾಗಿತ್ತು. ಆದರೆ ವಿಜ್ಞಾನ ನಡೆದಷ್ಟು ವೇಗವಾಗಿ ಭಾಷೆ ನಡೆಯಲಿಲ್ಲ.

ಅಮೆರಿಕೆಯ ಲೂಸಿಯಾನಾ ರಾಜ್ಯದ ಕಾರ್ವಿಲ್ ಎಂಬಲ್ಲಿ ಒಂದು ಕುಷ್ಠರೋಗ ಆಸ್ಪತ್ರೆಯಿತ್ತು. ಅಲ್ಲಿಗೆ ಸೇರಿದವರು ಮನೆತನಕ್ಕೆ ಕಳಂಕ ತಟ್ಟದಿರಲೆಂದು ತಮ್ಮ ನಿಜನಾಮವನ್ನೇ ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳುತ್ತಿದ್ದರು. ಸ್ಟ್ಯಾನ್ಲಿ ಸ್ಟೈನ್ ಎಂಬುದು ಅಂಥದೇ ಒಂದು ಹೆಸರು. ಅದನ್ನು ಧರಿಸಿದ ವ್ಯಕ್ತಿ ಆಸ್ಪತ್ರೆಯೊಳಗಿಂದಲೇ 'ದಿ ಸ್ಟಾರ್' ಎಂಬ ಪತ್ರಿಕೆಯನ್ನು ನಡೆಸಿ, 'ಲೆಪರ್' ಶಬ್ದವನ್ನು ಕೈಬಿಡಬೇಕು, ರೋಗವನ್ನು 'ಹ್ಯಾನ್ಸನ್ ರೋಗ' ಎಂದು ಕರೆಯಬೇಕು ಎಂದು ವರ್ಷಾನುಗಟ್ಟಲೆ ಹೋರಾಡಿದರು. ರೋಗದ ಹೆಸರಿಗಾಗಿ ತನ್ನ ಹೆಸರನ್ನೇ ಕಳೆದುಕೊಂಡವರಿಗೆ ಆ ವಿಷಯದಲ್ಲಿ ಮಾತನಾಡುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿತ್ತೆಂಬುದನ್ನು ಯಾರೂ ಒಪ್ಪಬೇಕು.

1948ರಲ್ಲಿ ಹವಾನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನವು ರೋಗಿಯನ್ನು ನಿರ್ದೇಶಿಸಲು 'ಲೆಪರ್' ಎಂಬ ಶಬ್ದವನ್ನು ಬಳಸಬಾರದೆಂದು ನಿರ್ಣಯಿಸಿತು. ಬ್ರೆಜಿಲ್ ದೇಶವು ಇನ್ನೂ ಮುಂದೆ ಹೋಗಿ, 1995ರಲ್ಲಿ ಕಾಯಿದೆಯ ಮೂಲಕವೇ ಸರಕಾರಿ ಕಾಗದಪತ್ರಗಳಿಂದ ರೋಗದ ಹಳೆಯ ಹೆಸರನ್ನು ತೆಗೆದು ಹ್ಯಾನ್ಸನ್‌ನ ಹೆಸರಿನಿಂದ ಬಂದ ಶಬ್ದವನ್ನು ನೆಲೆಗೊಳಿಸಿತು. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪರಿಗಣಿಸಿದ ಮಾರ್ಗಸೂಚಿಗಳಲ್ಲಿ ಈ ಶಬ್ದವನ್ನು, ಯಾವುದೇ ಭಾಷೆಯಲ್ಲಿ ಇದಕ್ಕೆ ಸಮಾನವಾದ ನಿಂದಾಶಬ್ದವನ್ನು, ಸರಕಾರಗಳು ತಮ್ಮ ಪ್ರಕಟಣೆಗಳಿಂದ ತೆಗೆಯಬೇಕೆಂದು ಸೂಚಿಸಲಾಯಿತು. 'ಯಾವುದೇ ಭಾಷೆ' ಎಂದಾಗ ಕನ್ನಡವೂ ಅದರಲ್ಲಿ ಸೇರಿತು.

ಮೂರು ಭಾಷೆಗಳ ನಡುವಿನ ಗೊಂದಲ

ಮುಂಬಯಿ ಕನ್ನಡಿಗರಿಗೆ ಈ ಪ್ರಶ್ನೆ ಕನ್ನಡ ನಾಡಿನಲ್ಲಿರುವವರಿಗಿಂತ ಹೆಚ್ಚು ತೊಡಕಿನದು. ಮನೆಯಲ್ಲಿ ಕನ್ನಡ ಅಥವಾ ತುಳು, ನೆರೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷ್. ಇವೆಲ್ಲದರ ನಡುವೆ ರೋಗದ ಹೆಸರು ಅದಲುಬದಲಾಗಿ ಅನರ್ಥಕ್ಕೆ ಎಡೆಮಾಡುತ್ತದೆ.

ಸಂಸ್ಕೃತದ 'ಕುಷ್ಠ' ಎಂಬ ಶಬ್ದಕ್ಕೆ ಆಯುರ್ವೇದದಲ್ಲಿ ಇಂದಿನ ಸಂಕುಚಿತ ಅರ್ಥವಿರಲಿಲ್ಲ. ಅಲ್ಲಿ 18 ಬಗೆಯ ಚರ್ಮವ್ಯಾಧಿಗಳನ್ನು ಕುಷ್ಠವೆಂದು ಎಣಿಸಲಾಗಿದೆ. ಅವುಗಳಲ್ಲಿ 7 ಮಹಾಕುಷ್ಠಗಳು, 11 ಕ್ಷುದ್ರಕುಷ್ಠಗಳು. ಈ ಶಬ್ದದಿಂದಲೇ ಹಿಂದಿಯ 'ಕೋಢ' ಹುಟ್ಟಿತು, ಅದರ ಅರ್ಥ ಕುಷ್ಠರೋಗ. ಇದರಿಂದಲೇ ಮರಾಠಿಯ 'ಕೋಡ' ಹುಟ್ಟಿತು, ಅದರ ಅರ್ಥ ಮೈಮೇಲೆ ಬಿಳಿ ಮಚ್ಚೆ ಮೂಡುವ ತೊನ್ನು. ಕಿವಿಗೆ ಎರಡೂ ಒಂದೇ ಎಂಬಂತೆ ಕೇಳಿಸುತ್ತವೆ. ಕನ್ನಡದಲ್ಲಿಯೂ ತೊನ್ನನ್ನು ಕೆಲವರು 'ಬಿಳಿ ಕುಷ್ಠ', 'ಶ್ವೇತಕುಷ್ಠ' ಎಂದು ಕರೆಯುವುದುಂಟು.

ಈ ಹೆಸರು ಅವಮಾನಕರವೆಂಬುದು ಒಂದು ದೋಷ. ಅದು ಶುದ್ಧ ಸುಳ್ಳೆಂಬುದು ಇನ್ನೂ ದೊಡ್ಡ ದೋಷ. ತೊನ್ನಿಗೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುತ್ತವೆ. ಅದಕ್ಕೆ ರೋಗಾಣು ಕಾರಣವಲ್ಲ, ಅದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ, ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುವುದೂ ಇಲ್ಲ. ಹೀಗಿದ್ದರೂ ಒಂದು ತಪ್ಪು ಹೆಸರಿನಿಂದಾಗಿ ಎಷ್ಟೋ ಹೆಣ್ಣುಮಕ್ಕಳ ವಿವಾಹ ಸಂಬಂಧಗಳು ಮುರಿದುಬಿದ್ದಿವೆ. ಇಲ್ಲಿ ಶಬ್ದವನ್ನು ಬದಲಿಸುವುದು ಸೌಜನ್ಯದ ಮಾತಲ್ಲ, ಸತ್ಯದ ಮಾತು.

ಆಕ್ಷೇಪಗಳಲ್ಲಿ ಹುರುಳಿಲ್ಲವೆ?

ಹೊಸ ಶಬ್ದಗಳನ್ನು ಒಪ್ಪದವರ ವಾದಗಳನ್ನೂ ನ್ಯಾಯವಾಗಿ ಕೇಳಬೇಕು.

ಅವರ ಮೊದಲನೆಯ ವಾದ: ಹೆಸರು ಬದಲಿಸಿದ ಮಾತ್ರಕ್ಕೆ ಮನೋಭಾವ ಬದಲಾಗದು, ಖಾತೆಯ ಹೆಸರನ್ನು ತಿದ್ದಿ ಬರೆದರೆ ಬಾಕಿ ತೀರಿದಂತಾಗುವುದೇ? ಹೊಸ ಶಬ್ದವೂ ಕೆಲವು ವರ್ಷಗಳಲ್ಲಿ ಹಳೆಯ ಶಬ್ದದಂತೆಯೇ ಮಲಿನವಾಗುತ್ತದೆ. ಇದರಲ್ಲಿ ಸತ್ಯವಿದೆ. ಬ್ರಿಟನ್ನಿನ 'ಸ್ಪ್ಯಾಸ್ಟಿಕ್ಸ್ ಸೊಸೈಟಿ' ಎಂಬ ಸೇವಾಸಂಸ್ಥೆ 1994ರಲ್ಲಿ ತನ್ನ ಹೆಸರನ್ನು 'ಸ್ಕೋಪ್' ಎಂದು ಬದಲಿಸಿಕೊಂಡಿತು. ವೈದ್ಯಶಾಸ್ತ್ರದ ಆ ಶುದ್ಧ ಶಬ್ದವನ್ನು ಶಾಲೆಯ ಹುಡುಗರು ಬೈಗುಳವನ್ನಾಗಿ ಮಾಡಿದ್ದರು. ಕನ್ನಡದಲ್ಲಿಯೂ 'ಅಂಗವಿಕಲ' ಹೋಗಿ 'ವಿಕಲಚೇತನ' ಬಂದಿತು. ಕರ್ನಾಟಕ ಸರಕಾರದ ಇಲಾಖೆಯ ಹೆಸರಿನಲ್ಲಿಯೂ ಈ ಶಬ್ದವೇ ಸೇರಿತು. ಆದರೆ ಊನವಿರುವುದು ಅಂಗದಲ್ಲಿ. ಚೇತನವೇ ವಿಕಲವೆಂದು ಹೇಳುವ ಈ ಶಬ್ದ ಹಿಂದಿನದಕ್ಕಿಂತ ಮೇಲೆಂದು ಹೇಳುವುದು ಕಷ್ಟ. ಈಗ 'ವಿಶೇಷಚೇತನ' ಎಂಬುದು ಹುಟ್ಟಿದೆ.

ಎರಡನೆಯ ವಾದ: ಜನರಿಗೆ ತಿಳಿಯದ ಹೆಸರಿನಿಂದ ಆರೋಗ್ಯಕ್ಕೆ ಹಾನಿ. ರೋಗವನ್ನು 'ಹ್ಯಾನ್ಸನ್ ರೋಗ' ಎಂದರೆ ಧಾರಾವಿಯ ಕಾರ್ಮಿಕನಿಗಾಗಲೀ ಕಲಬುರ್ಗಿಯ ರೈತನಿಗಾಗಲೀ ಏನು ಅರ್ಥವಾದೀತು? ಅರ್ಥವಾಗದ ರೋಗಕ್ಕೆ ಅವನು ಏಕೆ ಎಚ್ಚರ ವಹಿಸಿಯಾನು? ಇದು ಬಲವಾದ ವಾದ. 1976ರಲ್ಲಿ ಡಾ. ಆರ್. ಗಣಪತಿಯವರು ಸ್ಥಾಪಿಸಿದ, ಸಯನ್-ಚುನಾಭಟ್ಟಿಯಲ್ಲಿ ನೆಲೆಗೊಂಡ 'ಬಾಂಬೆ ಲೆಪ್ರಸಿ ಪ್ರಾಜೆಕ್ಟ್' ರೋಗದ ಹೆಸರನ್ನು ಮರೆಮಾಡದೆಯೇ ಧಾರಾವಿಯಂಥ ಕೊಳಚೆ ಪ್ರದೇಶಗಳಲ್ಲಿ ರೋಗಿಗಳನ್ನು ಹುಡುಕಿ, ಅವರನ್ನು ಮನೆಯಿಂದ ಬೇರ್ಪಡಿಸದೆ ಚಿಕಿತ್ಸೆ ಕೊಡುವ ದಾರಿ ಹಿಡಿಯಿತು. ವರೋರಾದ ಆನಂದವನವನ್ನು ಕಟ್ಟಿದ ಬಾಬಾ ಆಮ್ಟೆಯವರ ಸಂಸ್ಥೆಯ ಹೆಸರೇ 'ಮಹಾರೋಗಿ ಸೇವಾ ಸಮಿತಿ'. ಮಹಾರೋಗವೆಂದರೆ ಕನ್ನಡ ಹಳ್ಳಿಗಳಲ್ಲಿ ಪಿಸುಮಾತಿನಲ್ಲಿ ಹೇಳುವ 'ದೊಡ್ಡ ರೋಗ'. ಅಂಥ ಶಬ್ದವೂ ಸೇವೆಯ ಬಲದಿಂದ ಗೌರವವನ್ನು ಗಳಿಸಿತು.

ಆದುದರಿಂದ ಶಬ್ದವೊಂದೇ ಎಲ್ಲವನ್ನೂ ಮಾಡುವುದಿಲ್ಲ. ಆದರೆ ಶಬ್ದದಿಂದ ಏನೂ ಆಗುವುದಿಲ್ಲವೆಂಬ ಮಾತೂ ನಿಲ್ಲದು. ಜಪಾನಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗಕ್ಕೆ 'ಮನಸ್ಸು ಒಡೆದ ರೋಗ' ಎಂಬ ಅರ್ಥದ ಹೆಸರಿತ್ತು. ರೋಗಿಗಳ ಕುಟುಂಬದವರ ಒತ್ತಾಯದ ಮೇರೆಗೆ 2002ರಲ್ಲಿ ಅದನ್ನು ಬದಲಿಸಲಾಯಿತು. ಅದಕ್ಕೆ ಮೊದಲು, ತಮಗಿರುವ ರೋಗದ ಹೆಸರನ್ನು ವೈದ್ಯರಿಂದ ತಿಳಿದಿದ್ದ ರೋಗಿಗಳು ಶೇಕಡಾ 37ರಷ್ಟು. ಕೆಲವೇ ವರ್ಷಗಳಲ್ಲಿ ಈ ಪ್ರಮಾಣ ಶೇಕಡಾ 70ರ ಸಮೀಪಕ್ಕೆ ಏರಿತು. ಹಳೆಯ ಹೆಸರನ್ನು ಉಚ್ಚರಿಸಲು ವೈದ್ಯರೇ ಹಿಂಜರಿಯುತ್ತಿದ್ದರು. ಉಚ್ಚರಿಸಬಹುದಾದ ಹೆಸರು ದೊರೆತೊಡನೆ ಸತ್ಯವನ್ನು ಹೇಳುವುದು ಸುಲಭವಾಯಿತು. ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಎನಿಸಿ, 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ವಿಲೀನವಾದುದನ್ನೂ ಇಲ್ಲಿ ನೆನೆಯಬಹುದು. ಹುಚ್ಚಾಸ್ಪತ್ರೆಗೆ ಮಗಳನ್ನು ಕರೆದೊಯ್ಯಲು ಅಂಜುವ ತಾಯಿ ನಿಮ್ಹಾನ್ಸ್‌ಗೆ ಕರೆದೊಯ್ಯುತ್ತಾಳೆ.

ನಿರ್ಣಯಿಸುವವರು ಯಾರು?

ಈ ಎಲ್ಲ ಚರ್ಚೆಗಳ ತಳದಲ್ಲಿ ಒಂದೇ ಪ್ರಶ್ನೆಯಿದೆ. ಹೆಸರನ್ನು ನಿರ್ಣಯಿಸುವ ಹಕ್ಕು ಕರೆಯುವವನದೋ, ಕರೆಯಿಸಿಕೊಳ್ಳುವವನದೋ? ಮುಂಬಯಿಯ ಇತಿಹಾಸದಲ್ಲಿಯೇ ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. 1938ರ ಜನವರಿಯಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಮಂಡಿತವಾದ ಒಂದು ಮಸೂದೆಯಲ್ಲಿ ಅಸ್ಪೃಶ್ಯರೆನಿಸಿದವರನ್ನು 'ಹರಿಜನ' ಎಂದು ನಿರ್ದೇಶಿಸಲಾಗಿತ್ತು. ಆ ಹೆಸರು ತಮಗೆ ಬೇಡವೆಂದು ಡಾ. ಅಂಬೇಡ್ಕರರೂ ಅವರ ಸಂಗಡಿಗರೂ ಆಕ್ಷೇಪಿಸಿದರು. ಬಹುಮತದ ಬಲದಿಂದ ಆಕ್ಷೇಪ ತಳ್ಳಿಹೋದಾಗ ಅವರು ಸಭೆಯಿಂದ ಹೊರನಡೆದರು. ಹೆಸರನ್ನು ಇಟ್ಟವರ ಸದುದ್ದೇಶವನ್ನು ಯಾರೂ ಸಂಶಯಿಸಬೇಕಾಗಿಲ್ಲ. ಆದರೆ ಸದುದ್ದೇಶವು ಸಮ್ಮತಿಗೆ ಬದಲಿಯಲ್ಲ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವು ಜಾತಿಸೂಚಕವಾದ ಕೇರಿ, ವಸತಿಗಳ ಹೆಸರುಗಳನ್ನು ಬದಲಿಸಲು ನಿರ್ಣಯಿಸಿದಾಗ ಈ ಹಳೆಯ ಪ್ರಶ್ನೆಯೇ ಮತ್ತೊಮ್ಮೆ ಮುಂದೆ ಬಂದಿತು.

'ದಿವ್ಯಾಂಗ' ಶಬ್ದದ ವಿಷಯದಲ್ಲಿಯೂ ಹೀಗೆಯೇ ಆಯಿತು. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು 'ವಿಕಲಾಂಗ'ದ ಸ್ಥಾನದಲ್ಲಿ ಈ ಶಬ್ದವನ್ನು ಸೂಚಿಸಿದರು. ಕೇಂದ್ರ ಸರಕಾರ ಅದನ್ನು ಸ್ವೀಕರಿಸಿತು. ಕೆಲವರಿಗೆ ಅದು ಹಿತವೆನಿಸಿತು. ಅಂಗವೈಕಲ್ಯವುಳ್ಳವರ ಹಲವು ಸಂಘಟನೆಗಳು ಮಾತ್ರ, ತಮಗೆ ದಿವ್ಯತ್ವ ಬೇಡ, ಇಳಿಜಾರು ದಾರಿ, ಶಾಲೆ, ಉದ್ಯೋಗ ಬೇಕು ಎಂಬ ಧಾಟಿಯಲ್ಲಿ ಪ್ರತಿಭಟಿಸಿದವು. ತಿರಸ್ಕಾರದಂತೆಯೇ ಅತಿಶಯದ ಹೊಗಳಿಕೆಯೂ ಮನುಷ್ಯನನ್ನು ಮನುಷ್ಯರ ಸಾಲಿನಿಂದ ಬೇರ್ಪಡಿಸುತ್ತದೆ.

ರೋಗದ ನಿಜಸ್ವರೂಪ

ಶಬ್ದದ ಭಯ ಹೋಗಬೇಕಾದರೆ ವಸ್ತುವಿನ ಜ್ಞಾನ ಬರಬೇಕು. ಕುಷ್ಠದ ರೋಗಾಣು ಅತಿ ನಿಧಾನವಾಗಿ ಬೆಳೆಯುತ್ತದೆ. ಸೋಂಕು ತಗಲಿದ ಬಳಿಕ ಲಕ್ಷಣ ಕಾಣಿಸಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷಗಳೇ ಬೇಕಾಗಬಹುದು. ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲದ ನಿಕಟ ಸಂಪರ್ಕವಿದ್ದರೆ ಮೂಗು, ಬಾಯಿಯ ತುಂತುರುಗಳ ಮೂಲಕ ಅದು ಹರಡುತ್ತದೆ. ಕೈಕುಲುಕುವುದರಿಂದ, ಒಟ್ಟಿಗೆ ಕುಳಿತು ಊಟಮಾಡುವುದರಿಂದ, ರೈಲಿನಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವುದರಿಂದ ಹರಡುವುದಿಲ್ಲ. ಬಹುಪಾಲು ಜನರ ದೇಹಕ್ಕೆ ಅದನ್ನು ಎದುರಿಸುವ ಶಕ್ತಿ ಸಹಜವಾಗಿಯೇ ಇದೆ.

ಚರ್ಮದ ಮೇಲೆ ತಿಳಿ ಬಣ್ಣದ ಅಥವಾ ಕೆಂಪಾದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ. ಕೈಕಾಲುಗಳಲ್ಲಿ ಜೋಮು ಅಥವಾ ನಿಶ್ಶಕ್ತಿ. ಸುಟ್ಟರೂ ಕೊಯ್ದರೂ ನೋವು ತಿಳಿಯದಿರುವುದು. ಕಿವಿಯ ಹಾಲೆ ದಪ್ಪವಾಗುವುದು. ಕಣ್ಣುರೆಪ್ಪೆ ಪೂರ್ತಿ ಮುಚ್ಚದಿರುವುದು: ಇವು ಎಚ್ಚರದ ಚಿಹ್ನೆಗಳು. ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಮುಂತಾದ ಔಷಧಗಳನ್ನು ಕೂಡಿಸಿ ಕೊಡುವ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1982ರ ಸುಮಾರಿನಲ್ಲಿ. ರೋಗದ ಪ್ರಮಾಣಕ್ಕೆ ಅನುಗುಣವಾಗಿ 6 ಅಥವಾ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಔಷಧ ಸರಕಾರಿ ಮತ್ತು ಮಹಾನಗರಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವ ಅಪಾಯವೂ ನಿಲ್ಲುತ್ತದೆ.

2005ರ ಡಿಸೆಂಬರಿನಲ್ಲಿ ಭಾರತವು ರಾಷ್ಟ್ರೀಯ ಮಟ್ಟದಲ್ಲಿ 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿಯನ್ನು ತಲುಪಿತು. ಆದರೆ ರೋಗ ಮಾಯವಾಗಿಲ್ಲ. 2023ರಲ್ಲಿಯೂ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ಜಗತ್ತಿನ ಒಟ್ಟು ಹೊಸ ರೋಗಿಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚು.

ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತ ಅಲ್ಲಿಯೇ ಮಲಗುವ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ಮುಂಗೈ ಮೇಲೆ ಒಂದು ಮಚ್ಚೆ ಮೂಡಿದೆ. ಬಿಸಿ ತವೆ ತಗಲಿದರೂ ಅಲ್ಲಿ ಉರಿ ತಿಳಿಯುವುದಿಲ್ಲ. ಊರಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ 'ದೊಡ್ಡ ರೋಗ' ಎಂಬ ಮಾತು ಅವನಿಗೆ ನೆನಪಾಗುತ್ತದೆ. ಹೇಳಿದರೆ ಕೆಲಸ ಹೋದೀತು, ತಂಗಿಯ ಮದುವೆ ನಿಂತೀತು ಎಂದು ಅವನು ಉದ್ದ ತೋಳಿನ ಅಂಗಿಯಿಂದ ಅದನ್ನು ಮುಚ್ಚುತ್ತಾನೆ. 6 ತಿಂಗಳ ಗುಳಿಗೆಯಿಂದ ಮುಗಿಯಬೇಕಾಗಿದ್ದ ಸಂಗತಿ 6 ವರ್ಷಗಳ ಬಳಿಕ ಬಾಗಿದ ಬೆರಳುಗಳಾಗಿ ಪ್ರಕಟವಾಗುತ್ತದೆ. ರೋಗಾಣುವನ್ನು ಔಷಧ ಕೊಲ್ಲಬಲ್ಲುದು. ದೀರ್ಘಕಾಲ ಹಾಳಾದ ನರವನ್ನು ಮತ್ತೆ ಮೊದಲಿನಂತೆ ಮಾಡಲಾರದು. ಆ ಬೆರಳುಗಳನ್ನು ಬಾಗಿಸಿದ್ದು ರೋಗಾಣು ಎಷ್ಟೋ, ಆ ಮಾತೂ ಅಷ್ಟೇ.

ವ್ಯವಹಾರದಲ್ಲಿ ಪಾಲಿಸಬೇಕಾದುದು

ರೋಗ ಗುಣವಾದವರು ಎದುರಿಸುವ ಕಷ್ಟ ಆಸ್ಪತ್ರೆಯ ಹೊರಗೇ ಹೆಚ್ಚು. ಬ್ಯಾಂಕಿನ ವ್ಯವಹಾರವನ್ನೇ ನೋಡಬಹುದು. ಬೆರಳು ಬಾಗಿದವರಿಗೆ ಸಹಿ ಹಾಕಲಾಗದು, ಬೆರಳ ಗುರುತೂ ಸ್ಪಷ್ಟವಾಗಿ ಮೂಡದು. ಸಹಿ ಮಾಡಲಾಗದ ಅಶಕ್ತ ಖಾತೆದಾರರು ಹೆಬ್ಬೆಟ್ಟಿನ ಅಥವಾ ಕಾಲಿನ ಹೆಬ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ನಿಯಮವೇನೋ ಇದೆ. ಆದರೆ ಕೌಂಟರಿನ ಹಿಂದಿನಿಂದ ಬರುವ ಒಂದು ಮಾತು ಆ ನಿಯಮವನ್ನು ಸಾರ್ಥಕಗೊಳಿಸಲೂಬಹುದು, ನಿರರ್ಥಕಗೊಳಿಸಲೂಬಹುದು. ಖಾತೆದಾರನನ್ನು ಅವನ ಹೆಸರು ಹಿಡಿದು 'ಬನ್ನಿ, ಕುಳಿತುಕೊಳ್ಳಿ' ಎಂದರೆ ಅವನು ಮುಂದಿನ ತಿಂಗಳೂ ಬರುತ್ತಾನೆ. ರೋಗದ ಹೆಸರಿನಿಂದ ಗುರುತಿಸಿದರೆ ಹಣವನ್ನು ಮನೆಯ ಡಬ್ಬಿಯಲ್ಲಿ ಇಡುತ್ತಾನೆ.

ಇಷ್ಟೆಲ್ಲ ಚರ್ಚೆಯಿಂದ ನಾಲ್ಕು ಸರಳ ಸೂತ್ರಗಳನ್ನು ಹೊರತೆಗೆಯಬಹುದು. ಮೊದಲನೆಯದು, ರೋಗವನ್ನೂ ಮನುಷ್ಯನನ್ನೂ ಒಂದೇ ಶಬ್ದದಲ್ಲಿ ಬೆಸೆಯಬಾರದು. ಒಮ್ಮೆ ಮಲೇರಿಯಾ ಬಂದವನನ್ನು ಯಾರೂ ಜೀವಮಾನವಿಡೀ 'ಮಲೇರಿಯಾ ರೋಗಿ' ಎನ್ನುವುದಿಲ್ಲ. ಕುಷ್ಠ ಗುಣವಾದವರು ಮಾತ್ರ ಸಾಯುವವರೆಗೂ 'ಕುಷ್ಠರೋಗಿ'ಗಳಾಗಿ ಏಕೆ ಉಳಿಯಬೇಕು? 'ಹಿಂದೆ ಕುಷ್ಠ ತಗಲಿ ಗುಣವಾದವರು' ಎಂದು ಹೇಳಲು ಎರಡು ಮಾತು ಹೆಚ್ಚು ಬೇಕು, ಅಷ್ಟೇ. ಎರಡನೆಯದು, ರೋಗಕ್ಕೆ ಜನರಿಗೆ ತಿಳಿಯುವ, ನಿಖರವಾದ ಹೆಸರು ಇರಲಿ. ತೊನ್ನನ್ನು ತೊನ್ನೆಂದೇ ಕರೆಯಬೇಕು, ಕುಷ್ಠದೊಡನೆ ಬೆರೆಸಬಾರದು. ಮೂರನೆಯದು, ರೋಗವನ್ನು ಉಪಮೆಯಾಗಿ, ಶಾಪವಾಗಿ ಬಳಸುವುದನ್ನು ಬಿಡಬೇಕು. ಭಾಷಣದ ವೇದಿಕೆಯಿಂದ 'ಸಮಾಜಕ್ಕೆ ಅಂಟಿದ ಕುಷ್ಠ' ಎಂದು ಗುಡುಗುವಾಗ ಸಭೆಯ ಕೊನೆಯ ಸಾಲಿನಲ್ಲಿ ಯಾರು ಕುಳಿತಿದ್ದಾರೆಂಬುದು ಭಾಷಣಕಾರನಿಗೆ ತಿಳಿಯದು. ನಾಲ್ಕನೆಯದು, ಹೇಗೆ ಕರೆಯಬೇಕೆಂಬುದನ್ನು ಆ ವ್ಯಕ್ತಿಯನ್ನೇ ಕೇಳಬೇಕು. ಕನ್ನಡದಲ್ಲಿ ಇದಕ್ಕೊಂದು ಅನುಕೂಲವೂ ಇದೆ. 'ಅವನು' ಎಂಬುದನ್ನು 'ಅವರು' ಎಂದು ಮಾಡಿದರೆ ಅರ್ಧ ಕೆಲಸ ಆದಂತೆ.

ಗಾಂಧೀಜಿಯವರು ಸೇವಾಗ್ರಾಮದಲ್ಲಿ ಕುಷ್ಠಪೀಡಿತರಾದ ಪರಚುರೆ ಶಾಸ್ತ್ರಿಗಳ ಶುಶ್ರೂಷೆಯನ್ನು ಸ್ವತಃ ಮಾಡಿದರು. ಅವರ ಹುತಾತ್ಮ ದಿನವಾದ ಜನವರಿ 30ನ್ನು ಭಾರತದಲ್ಲಿ ಕುಷ್ಠರೋಗ ವಿರೋಧಿ ದಿನವಾಗಿ ಆಚರಿಸಲಾಗುತ್ತದೆ. 2017ರಿಂದ ಆ ದಿನ ಆರಂಭವಾಗುವ ಜಾಗೃತಿ ಅಭಿಯಾನಕ್ಕೆ ಇಟ್ಟ ಹೆಸರು 'ಸ್ಪರ್ಶ'. ಶತಮಾನಗಳ ಕಾಲ ಯಾರನ್ನು ಮುಟ್ಟಬಾರದೆಂದು ಹೇಳಲಾಯಿತೋ ಅವರ ಕಾರ್ಯಕ್ಕೆ ಸ್ಪರ್ಶವೆಂದೇ ಹೆಸರಿಟ್ಟಿರುವುದು ಉಚಿತವಾಗಿದೆ.

ಮಾತು ಬದಲಾದ ಮಾತ್ರಕ್ಕೆ ಮಚ್ಚೆ ಅಳಿಯದು, ನಿಜ. ಆದರೆ ಮಾತಿಗೆ ಅಂಜಿ ಮಚ್ಚೆಯನ್ನು ಮುಚ್ಚಿಟ್ಟವನು ಅಂಜಿಕೆ ಬಿಟ್ಟು ತೋಳನ್ನು ಮಡಚಿ ತೋರಿಸುವಂತಾದರೆ ಆ ಮಚ್ಚೆ ಅಳಿಯುವುದು ನಿಶ್ಚಯ. ಸಯನ್‌ನಿಂದ ವಡಾಲಾಕ್ಕೆ ದೂರ ಹೆಚ್ಚಿಲ್ಲ. ಹೆಸರುಗಳು ನಡುವೆ ಎಲ್ಲೆಯನ್ನು ಎಳೆಯದಿದ್ದರೆ, ನೆರೆಮನೆಯವರು ಆ ಹಾದಿಯನ್ನು ಹಗಲಿನಲ್ಲಿಯೇ ನಡೆದುಹೋಗಬಹುದು.